ಲೆಕ್ಕ ಕೇಳಿ: ಈ ಖರ್ಚು ಯಾವುದಕ್ಕೆ ಸೇರಿದ್ದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೆಚ್ಚದ ಲೆಕ್ಕದ್ದೇ. ಕೆಲವರು ತಾವು ಬಿಡಿಸಿದ ಹಾಳೆಗಳನ್ನೂ ಜೊತೆಗೆ ಕಳಿಸಿದ್ದೀರಿ. ಇದು ನನಗೆ ತುಂಬ ಖುಷಿ ಕೊಟ್ಟಿತು. ಬರೀ ಉತ್ತರ ಕಳಿಸಿದರೆ ತಪ್ಪಾಗಿದೆ ಅಂತ ಮಾತ್ರ ಹೇಳಬಹುದು. ಹಾಳೆ ಇದ್ದರೆ ದಾರಿ ತಪ್ಪಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು.

ಹಾಳೆಗಳನ್ನು ಒಂದೊಂದಾಗಿ ನೋಡಿದೆ. ಕೂಡಿಸುವುದು, ಕಳೆಯುವುದು, ಭಾಗಿಸುವುದು ಎಲ್ಲರದ್ದೂ ಸರಿ ಇದೆ. ತಪ್ಪಿದ್ದು ಓದುವಾಗ. 'ಒಂದಕ್ಕೆ' ಇದ್ದ ಸಂಖ್ಯೆಯನ್ನು 'ತಿಂಗಳಿಗೆ' ಇದ್ದ ಸಂಖ್ಯೆಯ ಜೊತೆ ಸೇರಿಸಿದ್ದೀರಿ. ಆಗಲೇ ಹೋಗಿಬಿಟ್ಟ ಹಣವನ್ನು ಇನ್ನು ಮುಂದೆ ಹೋಗುವ ಹಣದ ಸಾಲಿಗೆ ಹಾಕಿದ್ದೀರಿ.

ಪಾಠ ಹೇಳಲು ಬರುವ ಮೊದಲು ನಾನು 11 ವರ್ಷ ಒಂದು ಕಾರ್ಖಾನೆಯ ವೆಚ್ಚ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ಅಲ್ಲಿನ ಹಿರಿಯರೊಬ್ಬರು ಪ್ರತಿ ಸಂಖ್ಯೆಯ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಮಾತು ಬರೆಸುತ್ತಿದ್ದರು. 'ಒಂದಕ್ಕೆ', 'ತಿಂಗಳಿಗೆ', 'ಒಟ್ಟು', 'ಹೋಗಿದ್ದಾಯ್ತು', ಹೀಗೆ. ಈಗಲೂ ನಾನು ಹಾಗೇ ಬರೆಯುತ್ತೇನೆ. ಕೆಳಗಿನ ಉತ್ತರಗಳಲ್ಲಿ ಹಣದ ಹೆಸರು ಹಾಕಿಲ್ಲ. ನಿಮ್ಮ ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಇಟ್ಟುಕೊಂಡು ಓದಿ. ಆದರೆ ಪಕ್ಕದ ಆ ಮಾತನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಮೇಡಂ, ನಾನು ಮೊದಲ ವರ್ಷದ ವಾಣಿಜ್ಯ ವಿದ್ಯಾರ್ಥಿನಿ. ಒಂದು ಕುರ್ಚಿಯ ಮಾರಾಟ ಬೆಲೆ 250. ಒಂದಕ್ಕೆ ಬದಲಾಗುವ ವೆಚ್ಚ 150. ತಿಂಗಳ ಸ್ಥಿರ ವೆಚ್ಚ 60,000. ಎಷ್ಟು ಕುರ್ಚಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ? ನನಗೆ 240 ಬಂತು. ಪುಸ್ತಕದಲ್ಲಿ 600 ಇದೆ. 100ರಿಂದ ಭಾಗಿಸಿದರೆ 600 ಬರುತ್ತೆ ಅಂತ ಆಮೇಲೆ ಗೊತ್ತಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ಎರಡನೇ ಭಾಗದಲ್ಲಿ, ಶೇ. 30 ತೆರಿಗೆ ಕಟ್ಟಿದ ಮೇಲೆ 21,000 ಉಳಿಯಬೇಕು ಅಂತಿದೆ. ನನಗೆ 810 ಬಂತು, ಪುಸ್ತಕದಲ್ಲಿ 900. ನನ್ನನ್ನು 'ನೀನು' ಅಂತಲೇ ಕರೆಯಿರಿ.

ಉತ್ತರ: ಆಯ್ತು ಮಗಳೇ. ಸೂತ್ರವನ್ನು ಸ್ವಲ್ಪ ಪಕ್ಕಕ್ಕಿಡು. ಒಂದೇ ಒಂದು ಕುರ್ಚಿ ಮಾರಿದೆ ಅಂದುಕೋ. ಕೈಗೆ 250 ಬಂತು. ಆದರೆ ಆ ಕುರ್ಚಿಯ ಮರ, ಮೊಳೆ, ಬಣ್ಣ, ಕೂಲಿ ಎಲ್ಲ ಸೇರಿ 150 ಆ ಕುರ್ಚಿಯ ಹಿಂದೆಯೇ ಹೋಯಿತು. ಉಳಿದದ್ದು 100. ತಿಂಗಳ ಬಾಡಿಗೆ, ಸಂಬಳ ಅಂತ ಕಾದು ಕೂತಿರುವ 60,000ವನ್ನು ತೀರಿಸಬೇಕಾದದ್ದು ಈ 100. ಇದಕ್ಕೇ ಕಾಂಟ್ರಿಬ್ಯೂಷನ್ ಅನ್ನುವುದು. ಸ್ಥಿರ ವೆಚ್ಚ ತೀರಿಸಲು ಪ್ರತಿ ಕುರ್ಚಿ ಕೊಡುವ ವಂತಿಗೆ ಅಂದುಕೋ. ಹುಂಡಿಗೆ ಒಂದೊಂದು ಕುರ್ಚಿಯಿಂದ 100 ಬೀಳುತ್ತಾ ಹೋದರೆ 60,000 ತುಂಬಲು 600 ಕುರ್ಚಿ ಬೇಕು.

ನೀನು 60,000ವನ್ನು 250ರಿಂದ ಭಾಗಿಸಿದೆ. ಅಂದರೆ ಕುರ್ಚಿ ಮಾಡೋಕೆ ಖರ್ಚೇ ಇಲ್ಲ ಅಂದುಕೊಂಡ ಹಾಗಾಯಿತು. ನಿನ್ನ 240 ಸರಿಯೇ ಅಂತ ಪರೀಕ್ಷೆ ಮಾಡೋಣ ಬಾ. 240 ಕುರ್ಚಿಗೆ ಮಾರಾಟ 60,000. ಅವುಗಳ ಬದಲಾಗುವ ವೆಚ್ಚ 36,000. ಉಳಿದದ್ದು 24,000. ಸ್ಥಿರ ವೆಚ್ಚ 60,000. ನಷ್ಟ 36,000. ನೋಡಿದೆಯಾ? ಉತ್ತರ ಬಂದ ತಕ್ಷಣ ಅದನ್ನು ಹೀಗೆ ವಾಪಸ್ ಪ್ರಶ್ನೆಯೊಳಗೆ ಹಾಕಿ ನೋಡಬೇಕು. ಅರ್ಧ ನಿಮಿಷದ ಕೆಲಸ. ಪುಸ್ತಕದ ಹಿಂದಿನ ಪುಟ ತಿರುಗಿಸುವ ಅಗತ್ಯವೇ ಬೀಳುವುದಿಲ್ಲ.

ಎರಡನೇ ಭಾಗದಲ್ಲಿ ನೀನು 60,000ಕ್ಕೆ 21,000 ಕೂಡಿಸಿ 100ರಿಂದ ಭಾಗಿಸಿದ್ದೀಯ. 21,000 ಅನ್ನೋದು ತೆರಿಗೆ ಕಟ್ಟಿ ಆದ ಮೇಲೆ ಉಳಿದದ್ದು. ಹುಂಡಿಯಲ್ಲಿ ಇರಬೇಕಾದದ್ದು ತೆರಿಗೆ ಕಟ್ಟುವ ಮೊದಲಿನ ಹಣ. 100ರಲ್ಲಿ 30 ತೆರಿಗೆಗೆ ಹೋದರೆ 70 ಉಳಿಯುತ್ತೆ. 21,000 ಉಳಿಯಬೇಕಾದರೆ ಮೊದಲು 30,000 ಇರಬೇಕು. 21,000ಕ್ಕೆ ಅದರದ್ದೇ ಶೇ. 30 ಸೇರಿಸಿ 27,300 ಅಂತ ಬರೆಯುವವರು ತರಗತಿಯಲ್ಲಿ ಯಾವಾಗಲೂ ಇರುತ್ತಾರೆ. ನೀನು ಹಾಗೆ ಮಾಡಬೇಡ. 0.70ರಿಂದ ಭಾಗಿಸು. 60,000ಕ್ಕೆ 30,000 ಸೇರಿ 90,000. 100ರಿಂದ ಭಾಗಿಸಿದರೆ 900 ಕುರ್ಚಿ. ಈಗ ವಾಪಸ್ ಹಾಕಿ ನೋಡು. 90,000ದಲ್ಲಿ 60,000 ಹೋದರೆ 30,000. ತೆರಿಗೆ 9,000. ಕೈಯಲ್ಲಿ 21,000.

ಬ್ರೇಕ್ ಈವನ್ ಬಿಂದುವಿನಲ್ಲಿ ತೆರಿಗೆ ಬರುವುದೇ ಇಲ್ಲ, ಲಾಭವೇ ಇಲ್ಲವಲ್ಲ. ಹಾಗಾಗಿ ತೆರಿಗೆ ದರ ಎಷ್ಟೇ ಆದರೂ ನಿನ್ನ 600 ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬೇಕಂತಲೇ ಕೇಳುತ್ತಾರೆ.

ಪ್ರಶ್ನೆ: ನಾನು ಪ್ಲಾಸ್ಟಿಕ್ ಡಬ್ಬಿ ಮಾಡುವ ಘಟಕದಲ್ಲಿ ಲೆಕ್ಕ ನೋಡುತ್ತೇನೆ, ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ತಿಂಗಳಿಗೆ 10,000 ಡಬ್ಬಿ ಮಾಡಬಹುದು, ಈಗ 8,000 ಮಾಡಿ ಮಾರುತ್ತಿದ್ದೇವೆ. ಬೆಲೆ 60. ಒಂದಕ್ಕೆ ಬದಲಾಗುವ ವೆಚ್ಚ 30, ತಿಂಗಳ ಸ್ಥಿರ ವೆಚ್ಚ 1,60,000. ಹೊಸಬರೊಬ್ಬರು ಒಂದು ಸಲಕ್ಕೆ 1,500 ಡಬ್ಬಿ 42ರಂತೆ ಕೇಳಿದ್ದಾರೆ. ಒಂದು ಡಬ್ಬಿಗೆ ನಮಗೆ ಬೀಳುವುದೇ 50, ಹಾಗಾಗಿ ಬೇಡ ಅಂತ ಮೇಲಿನವರು ಹೇಳುತ್ತಿದ್ದಾರೆ. ಪುಸ್ತಕದ ಪ್ರಕಾರ ಒಪ್ಪಿಕೊಳ್ಳಬೇಕು ಅನಿಸುತ್ತೆ. ಅವರಿಗೆ ಹೇಗೆ ವಿವರಿಸಲಿ?

ಉತ್ತರ: ಈ ಪತ್ರಕ್ಕೆ ಉದ್ದವಾಗಿ ಬರೆಯುತ್ತೇನೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ಮೊದಲು ನಿಮ್ಮ ಲೆಕ್ಕ. 50 ಎಲ್ಲಿಂದ ಬಂತು? 1,60,000ವನ್ನು 8,000ದಿಂದ ಭಾಗಿಸಿದರೆ 20. ಅದಕ್ಕೆ 30 ಸೇರಿಸಿದರೆ 50. ಈಗ ಪೆನ್ಸಿಲ್ ತಗೊಳ್ಳಿ. 30ರ ಪಕ್ಕ 'ಒಂದಕ್ಕೆ' ಅಂತ ಬರೆಯಿರಿ. 1,60,000ದ ಪಕ್ಕ 'ತಿಂಗಳಿಗೆ'. ಆ 20ರ ಪಕ್ಕ ಏನು ಬರೆಯುತ್ತೀರಿ? 'ಒಂದಕ್ಕೆ' ಅಂತ ಬರೆಯೋಣ ಅನಿಸುತ್ತೆ. ಆದರೆ ಅದು 'ಒಂದಕ್ಕೆ' ಖರ್ಚಾಗುವ ಹಣ ಅಲ್ಲ. ಇನ್ನೊಂದು ಡಬ್ಬಿ ಮಾಡಿದರೆ ಇನ್ನೊಂದು 20 ಹೋಗುವುದಿಲ್ಲ. ತಿಂಗಳ ಬಾಡಿಗೆಯನ್ನು ನಾವು ಕೂತು 8,000 ಚೂರು ಮಾಡಿದ್ದರಿಂದ ಹುಟ್ಟಿದ ಸಂಖ್ಯೆ ಅದು.

ಈಗ ಎರಡು ಸಾಲು ಬರೆಯಿರಿ. ಆರ್ಡರ್ ಇಲ್ಲದಿದ್ದರೆ: ಮಾರಾಟ 4,80,000, ಬದಲಾಗುವ ವೆಚ್ಚ 2,40,000, ಸ್ಥಿರ ವೆಚ್ಚ 1,60,000, ಲಾಭ 80,000. ಆರ್ಡರ್ ತಗೊಂಡರೆ: ಮಾರಾಟ 63,000 ಹೆಚ್ಚುತ್ತದೆ, ಬದಲಾಗುವ ವೆಚ್ಚ 45,000 ಹೆಚ್ಚುತ್ತದೆ, ಸ್ಥಿರ ವೆಚ್ಚ ಇದ್ದ ಹಾಗೇ ಇರುತ್ತದೆ. ಲಾಭ 98,000. ಅಂದರೆ 18,000 ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಿಮ್ಮ ಮೇಲಿನವರಿಗೆ ಅದನ್ನೇ ತೋರಿಸಿ. 'ಸರಿ, 9,500 ಡಬ್ಬಿ ಅಂತಲೇ ಭಾಗಿಸೋಣ' ಅಂತ ಅವರು ಹೇಳಬಹುದು. ಭಾಗಿಸಿ. 1,60,000ವನ್ನು 9,500ರಿಂದ ಭಾಗಿಸಿದರೆ 16.84. ಅದಕ್ಕೆ 30 ಸೇರಿದರೆ 46.84. ಇದೂ 42ಕ್ಕಿಂತ ಜಾಸ್ತಿಯೇ! ಹೊಸ ಸರಾಸರಿ ಹಾಕಿದರೂ ಆರ್ಡರ್ ಬೇಡ ಅನ್ನುತ್ತದೆ. ಆದರೆ ಲಾಭ ಮಾತ್ರ 18,000 ಏರಿದೆ. ಒಟ್ಟು ಮೊತ್ತಗಳ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಒಪ್ಪದೇ ಇರುವುದು ಕಷ್ಟ.

ನನ್ನ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಾರ್ಖಾನೆಯಲ್ಲಿ ಅರ್ಧಕ್ಕರ್ಧ ಯಂತ್ರಗಳು ಸುಮ್ನೆ ನಿಂತಿದ್ದವು. ಆಗ ಒಂದು ಆರ್ಡರ್ ಬಂತು, ಕಡಿಮೆ ಬೆಲೆಗೆ. ವೆಚ್ಚದ ಹಾಳೆ ತಯಾರಿಸಿದ್ದು ನಾನು. ಬಾಡಿಗೆ, ಕಾವಲುಗಾರನ ಸಂಬಳದಂಥ ಓವರ್‌ಹೆಡ್ಡನ್ನೆಲ್ಲ ಹಂಚಿ, ಒಂದಕ್ಕೆ ಇಷ್ಟು ಬೀಳುತ್ತೆ, ಕೇಳಿದ ಬೆಲೆ ಇದಕ್ಕಿಂತ ಕಡಿಮೆ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮೇಲೆ ಕಳಿಸಿದೆ. ಆರ್ಡರ್ ವಾಪಸ್ ಹೋಯಿತು. ಆ ತಿಂಗಳ ಕೊನೆಗೆ ನಾಲ್ಕು ಜನ ದಿನಗೂಲಿಯವರಿಗೆ ಕೆಲಸ ಇಲ್ಲ ಅಂತ ಹೇಳಿದರು. ಪೆನ್ಸಿಲ್ ಹಿರಿಯರು ನನ್ನ ಹಾಳೆ ತರಿಸಿಕೊಂಡರು. ಬೈಯಲಿಲ್ಲ. ಓವರ್‌ಹೆಡ್ ಸಾಲಿನ ಮೇಲೆ ಬೆರಳಿಟ್ಟು, 'ಆರ್ಡರ್ ಬೇಡ ಅಂದ ಮೇಲೆ ಈ ಹಣ ಉಳೀತಾ?' ಅಂತ ಕೇಳಿದರು. ಉಳಿದಿರಲಿಲ್ಲ. ಬಾಡಿಗೆ ಕಟ್ಟಿದ್ದೆವು, ಕಾವಲುಗಾರನ ಸಂಬಳ ಕೊಟ್ಟಿದ್ದೆವು. ಆ ನಾಲ್ಕು ಜನರ ಮುಖ ನನಗೆ ಇನ್ನೂ ನೆನಪಿದೆ. ವೆಚ್ಚದ ಲೆಕ್ಕವನ್ನು ನಾನು ಇಷ್ಟು ಒತ್ತಿ ಒತ್ತಿ ಹೇಳುವುದು ಅದಕ್ಕೇ.

ಇದು ಹೊಸ ತಿಳಿವಳಿಕೆ ಏನಲ್ಲ. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೊಸಯ್ಯ ವೆಜ್‌ವುಡ್ 1772ರಲ್ಲಿ, ವ್ಯಾಪಾರ ಕುಸಿದಿದ್ದಾಗ, ತನ್ನ ಖರ್ಚುಗಳನ್ನು ಒಂದೊಂದಾಗಿ ಕೂತು ಪರಿಶೀಲಿಸಿದ. ವಾರಕ್ಕೆ 10 ಡಜನ್ ಹೂದಾನಿ ಮಾಡಿದರೂ 20 ಡಜನ್ ಮಾಡಿದರೂ ಬಾಡಿಗೆ, ಲೆಕ್ಕ ಬರೆಯುವವನ ಸಂಬಳ ಹೆಚ್ಚೂಕಡಿಮೆ ಅಷ್ಟೇ ಇರುತ್ತೆ ಅಂತ ತನ್ನ ಪಾಲುದಾರನಿಗೆ ಬರೆದ. ಅಮೆರಿಕದ ಅರ್ಥಶಾಸ್ತ್ರಜ್ಞ ಜೆ. ಎಂ. ಕ್ಲಾರ್ಕ್ 1923ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದರು: ಬೇರೆ ಬೇರೆ ಉದ್ದೇಶಕ್ಕೆ ಬೇರೆ ಬೇರೆ ವೆಚ್ಚ. ವರ್ಷದ ಕೊನೆಗೆ ದಾಸ್ತಾನಿನ ಬೆಲೆ ಕಟ್ಟಲು ನಿಮ್ಮ 50 ಸರಿ. ಈ ಆರ್ಡರ್ ತಗೊಳ್ಳಬೇಕಾ ಅನ್ನುವ ಪ್ರಶ್ನೆಗೆ 30 ಸರಿ. ಎರಡೂ ನಿಜವಾದ ಸಂಖ್ಯೆಗಳೇ.

ಆದರೆ ಒಪ್ಪಿಗೆ ಕೊಡುವ ಮೊದಲು ಕೆಲವು ವಿಷಯ ನೋಡಿ. ಯಂತ್ರಕ್ಕೆ ಬಿಡುವು ಇದೆಯಾ? 1,500ಕ್ಕೆ ಇದೆ. ಅವರು 3,000 ಕೇಳಿದ್ದರೆ ನಿಮ್ಮಲ್ಲಿ ಜಾಗ ಇರುವುದು 2,000ಕ್ಕೆ ಮಾತ್ರ. ಉಳಿದ 1,000 ಡಬ್ಬಿಯನ್ನು ಈಗಿನ ಗಿರಾಕಿಗಳಿಂದ ಕಿತ್ತುಕೊಡಬೇಕು. ಅವು ಒಂದೊಂದೂ 30 ಉಳಿಸುತ್ತಿದ್ದವು. 3,000ದಿಂದ ಬರುವುದು 36,000, ಕಳೆದುಕೊಳ್ಳುವುದು 30,000, ಉಳಿಯುವುದು ಬರೀ 6,000. ಅಷ್ಟಕ್ಕೆ ಹಳೇ ಗಿರಾಕಿಗಳನ್ನು ಬರಿಗೈಲಿ ಕಳಿಸಬೇಕಾ? ನಾನಾದರೆ ಬೇಡ ಅನ್ನುತ್ತೇನೆ. ಇನ್ನು, ಈ ಆರ್ಡರಿಗೆ ಬೇರೆ ಥರ ಪ್ಯಾಕಿಂಗ್ ಬೇಕು, ಒಂದಕ್ಕೆ 5 ಹೆಚ್ಚು ಬೀಳುತ್ತೆ ಅಂತಿದ್ದರೆ 12ರ ಬದಲು 7 ಉಳಿಯುತ್ತದೆ, ಒಟ್ಟು 10,500. ಮತ್ತೆ, 60 ಕೊಡುತ್ತಿರುವವರಿಗೆ ಈ 42ರ ಸುದ್ದಿ ಗೊತ್ತಾದರೆ ಏನಾಗುತ್ತೆ ಅಂತಲೂ ಯೋಚಿಸಿ. 'ಒಂದು ಸಲಕ್ಕೆ' ಅಂತ ನೀವೇ ಬರೆದಿದ್ದೀರಿ, ಆ ಮಾತು ಮುಖ್ಯ. ಎಲ್ಲವನ್ನೂ 42ಕ್ಕೇ ಮಾರುತ್ತಾ ಹೋದರೆ 10,000 ಡಬ್ಬಿಗೆ 1,20,000 ಮಾತ್ರ ಉಳಿಯುತ್ತದೆ. 1,60,000 ತೀರುವುದೇ ಇಲ್ಲ.

ಪ್ರಶ್ನೆ: ಒಟ್ಟು ವೆಚ್ಚವನ್ನು ಸ್ಥಿರ, ಬದಲಾಗುವ ಅಂತ ಬೇರ್ಪಡಿಸುವ ಹೈ-ಲೋ ವಿಧಾನದಲ್ಲಿ ಪ್ರತಿ ಸಲ ತಪ್ಪುತ್ತೇನೆ. ಯಂತ್ರ ಓಡಿದ ಗಂಟೆ ಮತ್ತು ನಿರ್ವಹಣೆ ವೆಚ್ಚ ಹೀಗಿವೆ: 2,000 ಗಂಟೆಗೆ 34,000, 3,000 ಗಂಟೆಗೆ 48,000, 3,500 ಗಂಟೆಗೆ 46,000. ಗಂಟೆಗೆ 14, ಸ್ಥಿರ 6,000 ಅಂತ ಬರೆದೆ. ತಪ್ಪು ಅಂದರು.

ಉತ್ತರ: ನೀವು ಅತಿ ಹೆಚ್ಚಿನ ವೆಚ್ಚ ಯಾವುದು ಅಂತ ಹುಡುಕಿದ್ದೀರಿ. ಹುಡುಕಬೇಕಾದದ್ದು ಅತಿ ಹೆಚ್ಚಿನ ಗಂಟೆ. ಕೆಲಸ ಏರಿದ್ದರಿಂದ ವೆಚ್ಚ ಏರಿತು ಅಂತ ತಾನೇ ನಾವು ಹೇಳಲು ಹೊರಟಿರುವುದು? ಹಾಗಾದರೆ ಸಾಲುಗಳನ್ನು ಆರಿಸುವುದು ಕೆಲಸವನ್ನು ನೋಡಿ. 3,500 ಮತ್ತು 2,000 ತಗೊಳ್ಳಿ. ಗಂಟೆಯ ವ್ಯತ್ಯಾಸ 1,500, ವೆಚ್ಚದ ವ್ಯತ್ಯಾಸ 12,000. ಗಂಟೆಗೆ 8. 2,000 ಗಂಟೆಗೆ 16,000 ಆಯಿತು, ಇನ್ನುಳಿದ 18,000 ಸ್ಥಿರ. ಮೇಲಿನ ತುದಿಯಲ್ಲಿ ಪರೀಕ್ಷಿಸಿ: 28,000ಕ್ಕೆ 18,000 ಸೇರಿ 46,000. ಸರಿ ಹೋಯಿತು.

ಈ ಲೆಕ್ಕದ ಪ್ರಕಾರ 3,000 ಗಂಟೆಯ ತಿಂಗಳಿಗೆ 42,000 ಆಗಬೇಕಿತ್ತು. ಆಗಿದ್ದು 48,000. ಆ 6,000 ಎಲ್ಲಿಂದ ಬಂತು? ಪರೀಕ್ಷೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ಕೆಲಸದ ಜಾಗದಲ್ಲಿ ಮಾತ್ರ ಕೇಳಲೇಬೇಕು. ಯಾವುದೋ ಯಂತ್ರ ಕೆಟ್ಟು ರಿಪೇರಿ ಆಗಿರಬಹುದು, ಮುಂದಿನ ತಿಂಗಳ ಬಿಲ್ಲು ಈ ತಿಂಗಳಿಗೆ ಬಿದ್ದಿರಬಹುದು. ಈ ವಿಧಾನ ಎರಡೇ ಎರಡು ತಿಂಗಳನ್ನು ನಂಬಿಕೊಂಡು ನಿಂತಿದೆ. ಆ ಎರಡರಲ್ಲಿ ಒಂದು ವಿಚಿತ್ರ ತಿಂಗಳಾಗಿದ್ದರೆ ಉತ್ತರ ಪೂರ್ತಿ ಕೆಡುತ್ತದೆ. ಅದಕ್ಕೆ ಮೊದಲು ಚೌಕುಳಿ ಹಾಳೆಯ ಮೇಲೆ ಎಲ್ಲ ತಿಂಗಳನ್ನೂ ಚುಕ್ಕಿ ಇಟ್ಟು ನೋಡಿ. ಸಾಲಿನಿಂದ ಹೊರಗೆ ನಿಂತ ಚುಕ್ಕಿ ಕಣ್ಣಿಗೇ ಬೀಳುತ್ತದೆ.

ಪ್ರಶ್ನೆ: ಶೇ. 25 ಲಾಭ ಅಂದರೆ 80ಕ್ಕೆ ತಂದದ್ದನ್ನು 100ಕ್ಕೆ ಮಾರಬೇಕಾ, 106.67ಕ್ಕಾ?

ಉತ್ತರ: ಎರಡೂ ಸರಿ, ಶೇ. 25 ಯಾವುದರ ಮೇಲೆ ಅನ್ನುವುದರ ಮೇಲೆ ನಿಂತಿದೆ. ಕೊಂಡ ಬೆಲೆಯ ಮೇಲಾದರೆ 80ಕ್ಕೆ 20 ಸೇರಿ 100. ಮಾರುವ ಬೆಲೆಯ ಮೇಲಾದರೆ 80 ಅನ್ನುವುದು ಮಾರುವ ಬೆಲೆಯ ಶೇ. 75, ಹಾಗಾಗಿ 106.67. ಪುಸ್ತಕದಲ್ಲಿ 'ಮಾರ್ಕಪ್' ಅಂದರೆ ಮೊದಲನೆಯದು, 'ಮಾರ್ಜಿನ್' ಅಂದರೆ ಎರಡನೆಯದು. ಯಾರಾದರೂ ಬಾಯಿಮಾತಲ್ಲಿ 'ಶೇ. 25 ಇಟ್ಟುಕೊಂಡಿದ್ದೇನೆ' ಅಂದರೆ ಯಾವುದರ ಮೇಲೆ ಅಂತ ಕೇಳಿಬಿಡಿ. ಸಂಕೋಚ ಬೇಡ.

ಪ್ರಶ್ನೆ: ಕೆಲಸ ಮಾಡಿಕೊಂಡು ಸಂಜೆ ಓದುತ್ತಿದ್ದೇನೆ. ಒಂದು ಯಂತ್ರದ ಬೆಲೆ 1,00,000. ಮೂರು ವರ್ಷ ಬಾಳಿಕೆ, ಕೊನೆಗೆ ಗುಜರಿ ಬೆಲೆ ಸೊನ್ನೆ. ವರ್ಷಕ್ಕೆ 45,000 ನಗದು ಉಳಿಸುತ್ತದೆ. ಡಿಸ್ಕೌಂಟ್ ದರ ಶೇ. 10. ಯಂತ್ರ ಬೇಕಾ ಬೇಡವಾ ಅಂತ ವರದಿ ಬರೆಸಲು ಆಗಲೇ 8,000 ಕೊಟ್ಟಾಗಿದೆ. ನಾನು ವರ್ಷಕ್ಕೆ 33,333 ಸವಕಳಿ ಕಳೆದು, 8,000ವನ್ನೂ ಕಳೆದು ಲೆಕ್ಕ ಹಾಕಿದಾಗ ಸುಮಾರು 79,000 ನಷ್ಟ ಬಂತು. ಉತ್ತರ ನೋಡಿದರೆ ಯಂತ್ರ ಕೊಳ್ಳಿ ಅಂತಿದೆ.

ಉತ್ತರ: ನಿಮ್ಮ ಹಾಳೆಯಲ್ಲಿ 1,00,000 ಎರಡು ಸಲ ಖರ್ಚಾಗಿದೆ. ಮೊದಲ ಸಾಲಿನಲ್ಲಿ ಯಂತ್ರ ಕೊಳ್ಳಲು ಪೂರ್ತಿ ಹೋಯಿತು. ಆಮೇಲೆ ಅದೇ ಹಣ 33,333ರಂತೆ ಮೂರು ಕಂತಿನಲ್ಲಿ ಮತ್ತೆ ಹೋಯಿತು. ಸವಕಳಿಯ ಹಣವನ್ನು ಯಾರ ಕೈಗೂ ಕೊಡುವುದಿಲ್ಲ. ಒಂದೇ ದಿನ ಕೊಟ್ಟ ಹಣವನ್ನು ಲಾಭ-ನಷ್ಟದ ಲೆಕ್ಕದಲ್ಲಿ ಬಳಸಿದ ವರ್ಷಗಳಿಗೆ ಹಂಚುವ ಏರ್ಪಾಡು ಅದು. ನಗದು ಹರಿವಿನ ಲೆಕ್ಕದಲ್ಲಿ ಕೇಳುವುದು ಒಂದೇ: ಹಣ ಯಾವತ್ತು ಬಂತು, ಯಾವತ್ತು ಹೋಯಿತು?

ಇನ್ನು 8,000. ಅದರ ಪಕ್ಕ 'ಹೋಗಿದ್ದಾಯ್ತು' ಅಂತ ಬರೆಯಿರಿ. ಯಂತ್ರ ಕೊಂಡರೂ ಅದು ವಾಪಸ್ ಬರುವುದಿಲ್ಲ, ಕೊಳ್ಳದಿದ್ದರೂ ಬರುವುದಿಲ್ಲ. ತೀರ್ಮಾನಕ್ಕೆ ಅದು ಬೇಡ.

ಈಗ ಉಳಿದದ್ದು ಸುಲಭ. ಮುಂದೆ ಬರುವ ಹಣಕ್ಕೆ ಇವತ್ತು ಎಷ್ಟು ಬೆಲೆ ಅಂತ ಡಿಸ್ಕೌಂಟ್ ದರ ಹಿಡಿದು ನೋಡಬೇಕು, ಅದೇ ಇಂದಿನ ಮೌಲ್ಯ. ಮೊದಲ ವರ್ಷದ 45,000ವನ್ನು 1.10ರಿಂದ ಭಾಗಿಸಿದರೆ ಇಂದಿನ ಮೌಲ್ಯ 40,909. ಎರಡನೇ ವರ್ಷದ್ದನ್ನು 1.10ರಿಂದ ಎರಡು ಸಲ ಭಾಗಿಸಿದರೆ 37,190. ಮೂರನೇ ವರ್ಷದ್ದನ್ನು ಮೂರು ಸಲ ಭಾಗಿಸಿದರೆ 33,809. ಒಟ್ಟು 1,11,908. ಯಂತ್ರದ 1,00,000 ಕಳೆದರೆ 11,908 ಮಿಗುತ್ತದೆ. ಕೊಳ್ಳಬಹುದು.

ಉತ್ತರ ನಂಬಬಹುದಾ ಅಂತ ನೋಡಲು ಒಂದು ಹಳೇ ಉಪಾಯ ಇದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸುಮಾರಾಗಿ ಸಿಗುತ್ತವೆ. ಲುಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲೇ ಇದು ಇದೆ. ಜಮಾ-ಖರ್ಚಿನ ಎರಡು ಬದಿ ಬರೆಯುವ ಪದ್ಧತಿಯನ್ನು ವಿವರಿಸಿದ್ದೂ ಅದೇ ಪುಸ್ತಕ. ಶೇ. 10ಕ್ಕೆ 7.2 ವರ್ಷ. ಅಂದರೆ ಏಳು ವರ್ಷ ಆದ ಮೇಲೆ ಬರುವ ಹಣದ ಬೆಲೆ ಇವತ್ತಿಗೆ ಅರ್ಧದಷ್ಟು. ಮೂರೇ ವರ್ಷಕ್ಕೆ ಬರುವ 45,000 ಅರ್ಧಕ್ಕಿಂತ ಎಷ್ಟೋ ಜಾಸ್ತಿ ಇರಲೇಬೇಕು, ಅಲ್ವಾ? 33,809 ಅದಕ್ಕೆ ಹೊಂದುತ್ತದೆ. ನಿಮಗೆ 15,000 ಅಂತೇನಾದರೂ ಬಂದಿದ್ದರೆ ಅಲ್ಲೇ ನಿಂತು ಹುಡುಕಬೇಕಿತ್ತು.

ಮುಂದಿನ ಅಧ್ಯಾಯದಲ್ಲಿ ತೆರಿಗೆ ಬಂದಾಗ ಸವಕಳಿ ಮತ್ತೆ ಎದುರಾಗುತ್ತದೆ. ಆಗ ಗಾಬರಿಯಾಗಬೇಡಿ. ಸವಕಳಿ ನಗದು ಅಲ್ಲ, ಆದರೆ ಅದನ್ನು ಕಳೆದ ಮೇಲೆ ತೆರಿಗೆ ಹಾಕುವುದರಿಂದ ತೆರಿಗೆ ಇಳಿಯುತ್ತದೆ, ತೆರಿಗೆ ನಗದು. ದರ ಶೇ. 30 ಅಂದುಕೊಳ್ಳಿ. 45,000ದಲ್ಲಿ 33,333 ಕಳೆದರೆ 11,667, ಅದರ ಮೇಲೆ ತೆರಿಗೆ 3,500. ಕೈಗೆ ಉಳಿಯುವುದು 41,500. ಮೂರು ವರ್ಷದ್ದನ್ನು ಇಂದಿನ ಮೌಲ್ಯಕ್ಕೆ ತಂದರೆ ಸುಮಾರು 1,03,204. ಈಗ ಮಿಗುವುದು 3,204 ಮಾತ್ರ. ಸವಕಳಿಯನ್ನು ತೆರಿಗೆ ಹುಡುಕಲು ಬಳಸಿದೆವು, ಕೆಲಸ ಆದ ಮೇಲೆ ಪಕ್ಕಕ್ಕಿಟ್ಟೆವು. ಈ ಎರಡು ಹೆಜ್ಜೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದರೆ ಗೊಂದಲ ಆಗುವುದಿಲ್ಲ.

ಪ್ರಶ್ನೆ: ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ವಯಸ್ಸಾಯಿತು, ಈಗ ಮಗಳ ಪುಸ್ತಕ ಇಟ್ಟುಕೊಂಡು ಲೆಕ್ಕ ಕಲಿಯುತ್ತಿದ್ದೇನೆ. ಈ ವರ್ಷ 50,000 ಲಾಭ ಅಂತ ಲೆಕ್ಕ ಬರೆಯುವವರು ಹೇಳಿದರು. ಆದರೆ ಬ್ಯಾಂಕಿನಲ್ಲಿ ಹೋದ ವರ್ಷಕ್ಕಿಂತ 15,000 ಕಡಿಮೆ ಇದೆ. ಸ್ವಂತಕ್ಕೆ ಒಂದು ಪೈಸೆ ತೆಗೆದಿಲ್ಲ. ಯಾರೋ ಮೋಸ ಮಾಡುತ್ತಿದ್ದಾರೆ ಅನಿಸುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಜೊತೆಗೆ ಕಳಿಸಿದ ಎರಡು ವರ್ಷದ ಆಸ್ತಿ-ಹೊಣೆ ಪಟ್ಟಿಯನ್ನೂ ನೋಡಿದೆ. ಸಮಾಧಾನವಾಗಿರಿ. ಪಟ್ಟಿಯಲ್ಲಿ ಹಣ ಎಲ್ಲಿಗೆ ಹೋಯಿತು ಅಂತ ಪೂರ್ತಿ ಸಿಗುತ್ತದೆ. ಮನಸ್ಸಿನ ಅನುಮಾನವನ್ನು ಯಾರ ಮುಂದೂ ಆಡುವ ಮೊದಲು ನನಗೆ ಬರೆದದ್ದು ಒಳ್ಳೆಯದಾಯಿತು.

ಲಾಭ 50,000 ಅಂತ ಶುರು ಮಾಡೋಣ. ಅದರಲ್ಲಿ 10,000 ಸವಕಳಿ ಅಂತ ಕಳೆದಿದ್ದಾರೆ, ಅದು ಕೈಬಿಟ್ಟು ಹೋಗಿಲ್ಲ. ವಾಪಸ್ ಸೇರಿಸಿ, 60,000. ಗಿರಾಕಿಗಳಿಂದ ಬರಬೇಕಾದ ಬಾಕಿ ಹೋದ ವರ್ಷ 1,30,000 ಇತ್ತು, ಈಗ 2,00,000. ಅಂದರೆ 70,000ದಷ್ಟು ಮಾಲು ಕೊಟ್ಟಿದ್ದೀರಿ, ಲಾಭದಲ್ಲಿ ಸೇರಿಸಿದ್ದೀರಿ, ಹಣ ಬಂದಿಲ್ಲ. ಕಳೆಯಿರಿ, ಸೊನ್ನೆಗಿಂತ 10,000 ಕೆಳಗೆ. ದಾಸ್ತಾನು 30,000 ಏರಿದೆ. ಅದನ್ನು ಕೊಳ್ಳಲು ಹಣ ಬೇಕಾಯಿತು, ಇನ್ನೂ ಮಾರಿಲ್ಲ. ಈಗ 40,000 ಕೆಳಗೆ. ಸರಕು ಕೊಟ್ಟವರಿಗೆ ನೀವು ಕೊಡಬೇಕಾದ ಬಾಕಿ 25,000 ಹೆಚ್ಚಿದೆ. ಆ ಹಣ ಸದ್ಯ ನಿಮ್ಮ ಹತ್ತಿರವೇ ಇದೆ, ಸೇರಿಸಿ. 15,000 ಕೆಳಗೆ. ಬ್ಯಾಂಕಿನಲ್ಲಿ ಕಡಿಮೆಯಾದದ್ದೂ ಅಷ್ಟೇ. ಒಂದು ಪೈಸೆಯೂ ಕಾಣೆಯಾಗಿಲ್ಲ. ನಿಮ್ಮ ಲೆಕ್ಕ ಬರೆಯುವವರು ಸರಿಯಾಗಿಯೇ ಬರೆದಿದ್ದಾರೆ.

ಆದರೆ ಒಂದು ವಿಷಯಕ್ಕೆ ನನಗೆ ಚಿಂತೆ ಆಯಿತು. ವರ್ಷದ ಮಾರಾಟ 7,30,000. 365ರಿಂದ ಭಾಗಿಸಿದರೆ ದಿನಕ್ಕೆ 2,000. ಬರಬೇಕಾದದ್ದು 2,00,000, ಅಂದರೆ 100 ದಿನದ ಮಾರಾಟ ಬೇರೆಯವರ ಹತ್ತಿರ ಕೂತಿದೆ. ನಿಮಗೆ ಸರಕು ಕೊಡುವವರು 30 ದಿನಕ್ಕೆ ಹಣ ಕೇಳುತ್ತಾರೆ ಅಂತ ನೀವೇ ಬರೆದಿದ್ದೀರಿ. ನಡುವಿನ ದಿನಗಳಿಗೆ ಹಣ ಹಾಕುತ್ತಿರುವವರು ನೀವು. ಮಾರಾಟ ಬೆಳೆದಷ್ಟೂ ಈ ಹೊರೆ ಬೆಳೆಯುತ್ತದೆ. ಲಾಭದಲ್ಲಿರುವ ವ್ಯಾಪಾರವೂ ಕೈಯಲ್ಲಿ ನಗದು ಇಲ್ಲದೆ ನಿಂತುಹೋಗುವುದು ಹೀಗೇ.

ಗಿರಾಕಿಗಳ ಬಾಕಿಯನ್ನು ಒಂದು ಹಾಳೆಯಲ್ಲಿ ಮೂರು ಕಂಬ ಮಾಡಿ ಬರೆಯಿರಿ: 30 ದಿನದೊಳಗಿನದು, 31ರಿಂದ 60, ಅದಕ್ಕೂ ಹಳೆಯದು. ಮೂರನೇ ಕಂಬದ ಹೆಸರುಗಳಿಗೆ ಈ ವಾರವೇ ಫೋನ್ ಮಾಡಿ. 100 ದಿನವನ್ನು 75ಕ್ಕೆ ಇಳಿಸಿದರೂ 25 ದಿನದ ಮಾರಾಟ, ಅಂದರೆ 50,000 ಬ್ಯಾಂಕಿಗೆ ಬರುತ್ತದೆ. ಇದಕ್ಕೆ ಹೊಸ ಗಿರಾಕಿಯೂ ಬೇಡ, ಹೊಸ ಸಾಲವೂ ಬೇಡ. ಎರಡು ತಿಂಗಳು ಬಿಟ್ಟು ಅದೇ ಹಾಳೆಯನ್ನು ಹೊಸ ಅಂಕಿಗಳ ಜೊತೆ ನನಗೆ ಕಳಿಸಿ. ಮಗಳ ಕೈಯಲ್ಲೇ ಬರೆಸಿ, ಅವರಿಗೂ ಅಭ್ಯಾಸ ಆಗುತ್ತದೆ.